ಮೂರನೇ ಹಳ್ಳ

ಬೀದಿಯವರ ಬಾಯಲ್ಲಿ ಅವನು ಗೇಮಣ್ಣ. ಕೆಲಸ ಕ್ಷೌರ, ಹುಚ್ಚು ಮಾತ್ರ ಹಳೇ ವಿಡಿಯೋ ಗೇಮಿನದು. ಮನೆಯ ಮುಂದಿನ ಕೋಣೆಯೇ ಸಲೂನು. ಪರದೆ ಸರಿಸಿದರೆ ಹಿಂದೆ ಡಬ್ಬಾ ಟಿವಿ, ಗೋಡೆ ತುಂಬಾ ಗೇಮ್ ಕ್ಯಾಸೆಟ್ಟುಗಳು. ಗುಜರಿಯಲ್ಲಿ ಹಳೇ ಕ್ಯಾಸೆಟ್ ಬಂದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡುವ ಆಸಾಮಿ!

ಮಗಳು ಕೊಡಿಸಿದ ಹೊಸ ಮೆಷಿನ್ನೂ ಇತ್ತು. ಅದರಲ್ಲಿ ಆಡುತ್ತಿದ್ದ, ಗೆಲ್ಲುತ್ತಿದ್ದ, ಆದರೂ ಮೂಗು ಮುರಿಯುತ್ತಿದ್ದ. "ಚಿತ್ರ ಏನೋ ಚೆನ್ನಾಗಿದೆ. ಆಟ ಸಪ್ಪೆ."

ಈಚೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹಳೇ ಗೇಮಿನಲ್ಲಿ ಚಿಕ್ಕಂದಿನಿಂದ ಕಣ್ಣು ಮುಚ್ಚಿ ದಾಟಿಸುತ್ತಿದ್ದ ಮೂರನೇ ಹಳ್ಳಕ್ಕೆ ಟಿವಿಯೊಳಗಿನ ಪುಟ್ಟ ಮನುಷ್ಯ ಮತ್ತೆ ಮತ್ತೆ ಬೀಳುತ್ತಿದ್ದ. ಆಟದಲ್ಲಿ ಸೋತಿದ್ದಕ್ಕೆ ಯಾರಾದರೂ ಬೆವರುತ್ತಾರೆಯೇ? ಗೇಮಣ್ಣ ಬೆವರುತ್ತಿದ್ದ. ಇದೇ ಕುರ್ಚಿಯ ಹಿಂದೆ ನಿಂತು ರೇಜರ್ ಹಿಡಿದಿದ್ದ ಅಪ್ಪನಿಗೆ ಮೊದಲು ನಡುಗಿದ್ದು ಹೆಬ್ಬೆರಳು. ಆಮೇಲೆ ಕೈ. ಕೊನೆಗೆ ನೀರು ಕುಡಿಸಲೂ ಇನ್ನೊಬ್ಬರು ಬೇಕಾಗಿತ್ತು.

ಅದನ್ನು ನೆನೆಯಲಾರದೆ ಅವನು ಹಳೇ ಮೆಷಿನ್ನಿನ ಮೇಲೆ ತಪ್ಪು ಹೊರಿಸಿದ. ಕ್ಯಾಸೆಟ್ಟಿಗೆ ಉಫ್ ಎಂದು ಊದಿದ, ಸ್ಪಿರಿಟ್ ಹಚ್ಚಿ ಉಜ್ಜಿದ, ವೈರ್ ಬದಲಾಯಿಸಿದ, ಜಾಯ್‌ಸ್ಟಿಕ್ ಬಿಚ್ಚಿ ಬಟನ್ನಿನ ಕೆಳಗಿನ ರಬ್ಬರನ್ನೂ ಹೊಸದು ಹಾಕಿದ. ಪುಟ್ಟ ಮನುಷ್ಯ ಬೀಳುತ್ತಲೇ ಇದ್ದ.

ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ ಮಗಳು ಪಕ್ಕದಲ್ಲಿ ಕೂತಳು.

"ಈ ಮೆಷಿನ್ನೇ ಕೆಟ್ಟಿದೆ ಕಣೇ."

"ಕೊಡಿ ಅಪ್ಪ ಇಲ್ಲಿ."

ಪುಟ್ಟ ಮನುಷ್ಯ ಓಡಿದ, ಹಾರಿದ, ಮೂರನೇ ಹಳ್ಳ ದಾಟಿದ. ಇನ್ನೊಮ್ಮೆ ಆಡಿದಳು, ಇನ್ನೊಮ್ಮೆ ದಾಟಿದ. ಗೇಮಣ್ಣ ಹೊಸ ಮೆಷಿನ್ನಿನ ಕಡೆ ಕೈ ತೋರಿಸಿದ.

"ಹಾಗಾದ್ರೆ ಹೊಸದರಲ್ಲಿ ದಿನಾ ಗೆಲ್ತೀನಲ್ಲ? ನನ್ನ ಕೈ ಚೆನ್ನಾಗೇ ಇದೆ ತಾನೇ?"

ಮಗಳು ತಲೆ ಎತ್ತಲಿಲ್ಲ. "ಅದನ್ನ ನಾನೇ ಸುಲಭದ ಲೆವೆಲ್‌ಗೆ ಇಟ್ಟಿದ್ದೆ ಅಪ್ಪ. ತಡವಾಗಿ ಒತ್ತಿದ್ರೂ ನಡೆಯುತ್ತೆ."

"ಯಾವಾಗ ಇಟ್ಟೆ?"

"ನಿಮ್ಮ ಹೆಬ್ಬೆರಳು ನಡುಗೋದು ನೋಡಿದ ಮೇಲೆ. ಹೇಳೋಕೆ ಬಾಯಿ ಬರಲಿಲ್ಲ."

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಹಳೇ ಗಿರಾಕಿ, ಬಸ್ ಡ್ರೈವರಣ್ಣನ ದನಿ. "ಏನಪ್ಪಾ ಗೇಮಣ್ಣ, ನನ್ನ ಗಡ್ಡ ನೆಲ ಗುಡಿಸಲಿ ಅಂತಾನಾ?"

ಗೇಮಣ್ಣ ಎದ್ದು ಹೋದ. ನೊರೆ ಹಚ್ಚಿದ. ಡ್ರೈವರಣ್ಣ ಯಾವತ್ತಿನಂತೆ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಕುತ್ತಿಗೆ ಒಡ್ಡಿ ಕೂತರು. ರೇಜರ್ ಗಂಟಲ ಹತ್ತಿರ ಹೋಗುವಾಗ ಕನ್ನಡಿಯಲ್ಲಿ ಅವನಿಗೆ ತನ್ನ ಹೆಬ್ಬೆರಳು ಕಂಡಿತು. ರೇಜರ್ ಮಡಚಿದ.

"ಏಳಿ ಅಣ್ಣ. ಇನ್ನು ನನ್ನ ಕೈಗೆ ಕುತ್ತಿಗೆ ಕೊಡಬೇಡಿ."

ತಮಾಷೆಯೆಂದು ಡ್ರೈವರಣ್ಣ ನಕ್ಕರು. ಆಮೇಲೆ ಕಣ್ಣು ಬಿಟ್ಟು ಅವನ ಮುಖ ನೋಡಿದರು. ಟವೆಲ್ ತೆಗೆದುಕೊಂಡು ನೊರೆಯನ್ನು ತಾವೇ ಒರೆಸಿಕೊಂಡರು.