ನಿಂಗಮ್ಮನವರ ಡೂಪ್ಲಿಕೇಟ್ ಕೀಗಳು

ನಿಂಗಮ್ಮನವರಿಗಿಂತ ಮೊದಲು ಅವರ ಬೀಗದ ಕೈಗಳ ಸದ್ದು ಬರುತ್ತಿತ್ತು. ಜರಗನಹಳ್ಳಿಯ ಆ ಮೂರಂತಸ್ತಿನ ಕಟ್ಟಡ ಅವರದು. ಬಾಡಿಗೆಗೆ ಕೊಟ್ಟ ಪ್ರತಿ ಮನೆಯ ಡೂಪ್ಲಿಕೇಟನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಝಲ್ ಎಂದರೆ ಸಾಕು, ನಾವು ಬಚ್ಚಲ ನಲ್ಲಿ ನಿಲ್ಲಿಸುತ್ತಿದ್ದೆವು. "ಮನೆ ನಿಮ್ದು, ನೀರು ನಂದು" ಎನ್ನುವುದು ಅವರ ಮಾತು.

ನನ್ನ ಎದುರುಮನೆಯ ರೂಪಾ, ಗಂಡನ ಹೊಡೆತ ತಾಳದೆ ಪೊಲೀಸರಿಗೆ ದೂರು ಕೊಟ್ಟಿದ್ದಳು. ಅವನು ಬಿಟಿಎಂ ಬಡಾವಣೆಯ ಅಣ್ಣನ ಮನೆ ಸೇರಿದ್ದ. ಒಂದು ಮಧ್ಯಾಹ್ನ ಬಂದು ನಿಂಗಮ್ಮನವರ ಹತ್ತಿರ ಕೀ ಕೇಳಿದ. ಅಗ್ರಿಮೆಂಟ್ ಅವನ ಹೆಸರಿನಲ್ಲಿತ್ತು, ಕೊಟ್ಟುಬಿಟ್ಟರು. ಸಂಜೆ ಮಗಳೊಂದಿಗೆ ಬಂದು ಬಾಗಿಲು ತೆಗೆದ ರೂಪಾ ಕಿರುಚಿದಳು. ಅವನು ಒಳಗೆ ಕುರ್ಚಿಯಲ್ಲಿ ಕೂತಿದ್ದ. ನಾವೆಲ್ಲ ಓಡಿಬಂದಾಗ ಎದ್ದು ಹೋಗುತ್ತ, "ತಿಂಗಳ ಕೊನೇಗೆ ಇವಳನ್ನ ಖಾಲಿ ಮಾಡ್ಸಿ ಆಂಟಿ. ಬಾಡಿಗೆಗಿರೋನು ನಾನು" ಅಂದ.

"ಗಂಡ ಅಲ್ವಾ ಅಂತ ಕೊಟ್ಟೆ ಕಣಮ್ಮ" ಎಂದರು ನಿಂಗಮ್ಮ.

ಅವಳು ಕೌಟುಂಬಿಕ ಹಿಂಸೆ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋದಳು. ಆದೇಶ ಬಂದ ದಿನ ನಿಂಗಮ್ಮ ಅದನ್ನು ನನ್ನಿಂದ ಓದಿಸಿದರು. ಅವನು ಈ ಮನೆಗೆ ಕಾಲಿಡಬಾರದು. ಅಗ್ರಿಮೆಂಟ್ ಯಾರ ಹೆಸರಿನಲ್ಲಿದ್ದರೂ ಅವಳನ್ನು ಹೊರಹಾಕಬಾರದು.

"ಬಾಡಿಗೆ ಮನೆಗೂನಾ?"

"ಬಾಡಿಗೆ ಮನೆಗೂ."

"ಇನ್ನೊಂದ್ಸಲ ಓದು."

ಭಾನುವಾರ ಬೆಳಿಗ್ಗೆ ಅವನು ಮತ್ತೆ ಬಂದು ಕೀ ಕೇಳಿದ. ರೂಪಾ, ಮಗಳು ಒಳಗಿದ್ದರು. ಮೆಟ್ಟಿಲ ಮೇಲೆ ಕೂತಿದ್ದ ನಿಂಗಮ್ಮ ಇಡೀ ಗೊಂಚಲನ್ನೇ ಅವನ ಕೈಗಿಟ್ಟರು. ಇಡಲಿಲ್ಲ, ಎಸೆದರು ಅನ್ನುತ್ತಾಳೆ ರೂಪಾ. ಬಾಗಿಲ ಸಂದಿಯಿಂದ ಅವಳಿಗೆ ಎಷ್ಟು ಕಂಡಿತೋ. ನನ್ನ ನೆನಪನ್ನಾದರೂ ಎಷ್ಟು ನಂಬಬಹುದೋ. "ಹುಡುಕ್ಕೋ ಅಪ್ಪಾ, ನಿಧಾನಕ್ಕೆ" ಅಂದದ್ದು ಮಾತ್ರ ನಿಜ. ಅವನು ಒಂದೊಂದನ್ನೇ ಹಾಕಿ ತಿರುಗಿಸಿದ. ಯಾವುದೂ ತಿರುಗಲಿಲ್ಲ. ಆ ಬಾಗಿಲಿಗೆ ಹೊಸ ಬೀಗ ಹಾಕಿಸಿ, ಅದರ ಕೈಗಳನ್ನೆಲ್ಲ ನಿಂಗಮ್ಮ ರೂಪಾಗೇ ಕೊಟ್ಟಿದ್ದರು. ಮೂರು ಮಹಡಿಯವರೂ ಮೆಟ್ಟಿಲಲ್ಲಿ ತುಂಬಿಕೊಂಡೆವು. ಕೆಳಗೆ ಪೊಲೀಸ್ ಗಾಡಿ ನಿಂತಿತು.

"ಫೋನ್ ಮಾಡ್ಸಿದ್ದೆ. ಅವ್ರು ಬರೋವರ್ಗೂ ನಿಂಗೂ ಏನಾದ್ರೂ ಕೆಲ್ಸ ಬೇಕಲ್ಲ" ಎಂದರು ನಿಂಗಮ್ಮ.

ಅಗ್ರಿಮೆಂಟ್ ರೂಪಾ ಹೆಸರಿಗಾಯಿತು. ನಮ್ಮ ಡೂಪ್ಲಿಕೇಟುಗಳೂ ನಮ್ಮ ಕೈಸೇರಿದವು. ಆಮೇಲೆ ನಿಂಗಮ್ಮ ಸದ್ದಿಲ್ಲದೆ ಬರುತ್ತಿದ್ದರು. ನಲ್ಲಿ ಬಿಟ್ಟು ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬ.

ಈಚೆಗೆ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರೆಂದು ತಿಳಿದು, ಈಗಿರುವ ಗಿರಿನಗರದಿಂದ ಹೋದೆ. ಅವರನ್ನು ಇನ್ನೂ ತಂದಿರಲಿಲ್ಲ. ಬೀಗ ಹಾಕಿದ್ದ ಅವರ ಮನೆಯ ಬಾಗಿಲೆದುರು ಜನ ನಿಂತಿದ್ದರು. ರೂಪಾ ಮೇಲಿನಿಂದ ಇಳಿದು ಬಂದು, ತನ್ನ ಮನೆಯ ಕೀ ಜೊತೆಗಿದ್ದ ಇನ್ನೊಂದನ್ನು ಹುಡುಕಿ ತೆಗೆದಳು.

"ಅಮ್ಮನ ಮನೇದು. ಡೂಪ್ಲಿಕೇಟ್ ನನ್ ಹತ್ರಾನೇ ಇಟ್ಟಿದ್ರು" ಎಂದು ಬಾಗಿಲು ತೆಗೆದಳು.