ಪೈಲ್ವಾನನ ಬೂಟು

ಬೇಡಕ್ಕ ಎಂಬುದು ಗೋದಾಮಿನವರು ಅವಳಿಗೆ ಬೆನ್ನ ಹಿಂದೆ ಇಟ್ಟ ಹೆಸರು. ಬೆನ್ನ ಹಿಂದೆ ಎಂದರೂ ಅವಳ ಕಿವಿ ಬಲು ಚುರುಕು. ಕೇಳಿಸಿಕೊಂಡು ಒಳಗೊಳಗೇ ನಗುತ್ತಿದ್ದಳು. ಅವರೇನೂ ಸುಳ್ಳು ಹೇಳಿರಲಿಲ್ಲ. ಏಣಿಯ ತುತ್ತತುದಿಯಲ್ಲಿ ನಿಲ್ಲಬೇಡ, ಸೊಂಟ ಬಗ್ಗಿಸಿ ಪೆಟ್ಟಿಗೆ ಎತ್ತಬೇಡ, ಫೋರ್ಕ್‌ಲಿಫ್ಟ್ ಓಡಾಡುವ ದಾರಿಯಲ್ಲಿ ಫೋನು ಹಿಡಿದು ಹರಟಬೇಡ ಎಂದು ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಲ್ಲಿ ಅದೊಂದೇ ಪಲ್ಲವಿ.

ಸಿಂಕು, ನಲ್ಲಿ, ಪೈಪು, ಬಣ್ಣದ ಡಬ್ಬ, ಟೈಲ್ಸುಗಳು ಸೂರಿನವರೆಗೆ ತುಂಬಿದ ಗೋದಾಮು ಅದು. ಅಲ್ಲಿ ಕೈಜಾರಿ ಬೀಳುವ ಯಾವ ವಸ್ತುವೂ ಹೂವಿನಂಥದ್ದಲ್ಲ. ಬಹಳ ವರ್ಷ ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಟೇಪು ಸುತ್ತಿದವಳು, ಸೇಫ್ಟಿ ಸೂಪರ್‌ವೈಸರ್ ಕೆಲಸ ಖಾಲಿಯಾದಾಗ ತರಬೇತಿ ಮುಗಿಸಿ ಆ ಜಾಗಕ್ಕೆ ಬಂದಿದ್ದಳು. ಕೊರಳಲ್ಲಿ ಸೀಟಿ ನೇತಾಡಿಸಿಕೊಂಡು ಮೊದಲ ದಿನ ಮನೆಗೆ ಬಂದಾಗ, ಬಸ್ಸು ಓಡಿಸುವ ಗಂಡ ಎದ್ದು ನಿಂತು ಸೆಲ್ಯೂಟ್ ಹೊಡೆದಿದ್ದ. ಅತ್ತೆ ಮಾತ್ರ ಅಷ್ಟು ಸುಲಭಕ್ಕೆ ಮಣಿಯಲಿಲ್ಲ. ಅಟ್ಟದ ಮೇಲಿನ ಡಬ್ಬಿ ತೆಗೆಯಲು ಅವರು ಸ್ಟೂಲ್ ಹತ್ತಿದ್ದನ್ನು ಕಂಡು ಸೊಸೆ ಸೀಟಿ ಊದಿದಾಗ, ಅಲ್ಲಿಂದಲೇ ತಿರುಗಿ ಕೇಳಿದರು:

“ಗೋದಾಮನ್ನ ಅಲ್ಲೇ ಬಿಟ್ಟು ಬಂದಿದ್ದೀಯೋ, ಇಲ್ಲಾ ಹೆಗಲ ಮೇಲೆ ಹೊತ್ಕೊಂಡೇ ಬಂದಿದ್ದೀಯೋ?”

ಗೋದಾಮಿನಲ್ಲಿ ಹೆಲ್ಮೆಟ್ಟಿಗೆ ಎಲ್ಲರೂ ಒಗ್ಗಿಕೊಂಡರು, ಕೈಗವಸಿಗೂ ಒಗ್ಗಿಕೊಂಡರು. ತಕರಾರು ಬಂದದ್ದು ಬೂಟಿನಲ್ಲಿ. ಬೆರಳುಗಳ ಮೇಲೆ ಉಕ್ಕಿನ ಕವಚವಿದ್ದ ಗಟ್ಟಿ ಬೂಟುಗಳನ್ನು ಕಂಪನಿ ತರಿಸಿತ್ತು. ಹಮಾಲರು ಅವನ್ನು ಇಸಿದುಕೊಂಡು, ಪೆಟ್ಟಿಗೆಯ ಸಮೇತ ಮೂಲೆಯಲ್ಲಿ ಜೋಡಿಸಿ, ಮತ್ತೆ ರಬ್ಬರ್ ಚಪ್ಪಲಿ ಮೆಟ್ಟಿ ಬಂದರು. ಕೇಳಿದರೆ ಒಂದೇ ಉತ್ತರ: “ಪೈಲ್ವಾನ್ ಹಾಕ್ಕೊಳ್ಳಲಿ ಅಕ್ಕ, ಆಮೇಲೆ ನಾವು.”

ಪೈಲ್ವಾನ್ ಹಮಾಲರ ಮುಖಂಡ. ಹುಟ್ಟಿದಾಗಿನಿಂದ ಒಂದು ಕುಸ್ತಿಯನ್ನೂ ಆಡಿದವನಲ್ಲ, ಆದರೆ ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುತ್ತಿರಲಿಲ್ಲ. ಅಂಥ ಮೈಗೆ ದನಿ ಮಾತ್ರ ಬೆಣ್ಣೆಯಂಥದು. ಬೇಡಕ್ಕ ಗದರಿದಾಗಲೆಲ್ಲ ತಲೆ ತಗ್ಗಿಸಿ “ನಾಳೆ ಅಕ್ಕ” ಎನ್ನುವನು. ಅವನ ನಾಳೆ ಬರುವ ಲಕ್ಷಣವೇ ಕಾಣಲಿಲ್ಲ.

ಒಂದು ಬೆಳಿಗ್ಗೆ ಅವಳಿಗೆ ತಾಳ್ಮೆ ಕೆಟ್ಟಿತು. ಗೇಟಿಗೆ ಅಡ್ಡ ನಿಂತು, “ಬೂಟಿಲ್ಲದೆ ಒಳಗೆ ಬರೋದು ಬೇಡ” ಎಂದಳು. ಪೈಲ್ವಾನ್ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತ. ಅವನ ಪಕ್ಕ ಇನ್ನೊಬ್ಬ ಕೂತ. ನೋಡುನೋಡುತ್ತ ಎಲ್ಲ ಹಮಾಲರೂ ಸಾಲಾಗಿ ಕೂತರು. ಲಾರಿಗಳು ರಸ್ತೆಯುದ್ದಕ್ಕೂ ನಿಂತು ಹಾರ್ನ್ ಹೊಡೆಯತೊಡಗಿದವು. ಮ್ಯಾನೇಜರು ಓಡಿಬಂದು, “ಅಮ್ಮಾ, ನಿಮಗೆ ಕೈ ಮುಗಿತೀನಿ, ಇವತ್ತೊಂದು ದಿನ ಬಿಟ್ಬಿಡಿ” ಎಂದು ಗೋಗರೆದರು. ಅವಳು ಗೇಟು ಬಿಟ್ಟಳು. ಮುಖ ಮಾತ್ರ ಸಂಜೆಯವರೆಗೂ ಬಿಗಿದೇ ಇತ್ತು.

ಆ ಸಿಟ್ಟನ್ನೆಲ್ಲ ಮನೆಯ ಪಾತ್ರೆಗಳು ತಿಂದವು. ಬಟಾಣಿ ಸುಲಿಯುತ್ತ ಕೂತಿದ್ದ ಅತ್ತೆ ಸ್ವಲ್ಪ ಹೊತ್ತು ಸದ್ದು ಸಹಿಸಿಕೊಂಡು ಕೇಳಿದರು:

“ಅವನು ಯಾಕೆ ಹಾಕ್ಕೊಳ್ಳಲ್ವಂತೆ?”

“ಮೊಂಡ, ಅತ್ತೆ. ಇನ್ಯಾಕೆ?”

“ಇದು ನೀನು ಹೇಳೋ ಮಾತಾಯ್ತು. ಅವನನ್ನ ಕೇಳಿದ್ಯಾ?”

ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ಉಳಿಯಿತು. ಬೈದಿದ್ದಳು, ಬೆದರಿಸಿದ್ದಳು, ಬೆರಳು ಕಳೆದುಕೊಂಡವರ ಕಥೆ ಹೇಳಿ ಹೆದರಿಸಿದ್ದಳು. ಯಾಕಪ್ಪಾ ಎಂದು ಮಾತ್ರ ಕೇಳಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಪೈಲ್ವಾನ್ ಗೋದಾಮಿನ ಹಿಂದಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದ. ಅವಳನ್ನು ಕಂಡವನೇ ಒಂದು ಪಾದವನ್ನು ಇನ್ನೊಂದರ ಹಿಂದೆ ಅಡಗಿಸಲು ಹೊರಟ. ಅಡಗುವ ಪಾದಗಳಲ್ಲ ಅವು. ಮುಂಗಾಲು ಮೊರದಂತೆ ಅಗಲ. ಬೆರಳುಗಳು ಒಂದರ ಮುಖ ಒಂದು ನೋಡದಷ್ಟು ದೂರ ದೂರ.

“ಬೂಟು ಕಾಲಿಗೆ ಹಿಡಿಯಲ್ವಾ?” ಅವಳು ಮೆಲ್ಲಗೆ ಕೇಳಿದಳು.

ಅವನು ಸುತ್ತ ನೋಡಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ಬಾಯಿಬಿಟ್ಟ. “ಎಲ್ಲಕ್ಕಿಂತ ದೊಡ್ಡದನ್ನೇ ಕದ್ದುಮುಚ್ಚಿ ಹಾಕಿ ನೋಡ್ದೆ ಅಕ್ಕ. ಅರ್ಧಕ್ಕೆ ಸಿಕ್ಕಾಕ್ಕೊಂಡ್ತು. ಸ್ಟೋರಿನವನು ಗೋಡೆಗೆ ಕಾಲು ಕೊಟ್ಟು ಎಳೆದ ಮೇಲೆ ಬಂತು. ಯಾರಿಗೂ ಹೇಳ್ಬೇಡ ಅಂತ ಅವನಿಗೆ ಆಣೆ ಹಾಕ್ಸಿದ್ದೀನಿ. ನನ್ನ ಮದುವೆಗೆ ಬೂಟು ತಗೊಳ್ಳೋವಾಗ್ಲೂ ಹೀಗೇ ಆಯ್ತು. ಅಂಗಡಿಯವನು ನಕ್ಬಿಟ್ಟ.”

ಬೇಡಕ್ಕನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, “ಭಾನುವಾರ ನನ್ನ ಜೊತೆ ಬಾ” ಎಂದಳು.

ಬೂಟಿನ ಕಂಪನಿಯವರು ಅಷ್ಟು ಅಗಲದ ಅಳತೆ ತಮ್ಮಲ್ಲಿಲ್ಲವೆಂದು ಕೈಚೆಲ್ಲಿಬಿಟ್ಟಿದ್ದರಿಂದ, ಅವಳು ಅವನನ್ನು ಸೇತುವೆಯ ಬಳಿಯ ಚಮ್ಮಾರನ ಹತ್ತಿರ ಕರೆದೊಯ್ದಳು. ಮುದುಕ ಕನ್ನಡಕ ಏರಿಸಿ ಪಾದ ನೋಡಿ, “ಇದಕ್ಕೆ ಬೂಟಲ್ಲಮ್ಮಾ, ದೋಣಿ ಕಟ್ಬೇಕು” ಎಂದ. ಪೈಲ್ವಾನ್ ತಟ್ಟನೆ ಎದ್ದ. ಅವಳು ಅವನ ತೋಳು ಹಿಡಿದು ಕೂರಿಸಿ, ಮುದುಕನ ಕಡೆ ಒಂದು ನೋಟ ಬೀರಿದಳು. “ತಪ್ಪಾಯ್ತು ತಮ್ಮಾ,” ಮುದುಕ ಅಳತೆಯ ಪಟ್ಟಿ ಕೈಗೆತ್ತಿಕೊಂಡ. “ಜೀವಮಾನವೆಲ್ಲ ಸಣ್ಣ ಸಣ್ಣ ಕಾಲಿಗೇ ಹೊಲಿದಿದ್ದೀನಿ. ದೋಣಿ ಕಟ್ಟೋ ಯೋಗ ಇವತ್ತು ಬಂತು.” ಪೈಲ್ವಾನನಿಗೂ ನಗು ತಡೆಯಲಾಗಲಿಲ್ಲ.

ತೊಗಲು ಮುದುಕನದು, ಉಕ್ಕಿನ ಕವಚ ಪಕ್ಕದ ತಗಡಿನ ಕೆಲಸದವನದು. ಬೂಟು ಸಿದ್ಧವಾದಾಗ ಇಬ್ಬರೂ, “ಆನೆ ತುಳಿದ್ರೂ ಏನಾಗಲ್ಲ” ಎಂದು ಎದೆ ತಟ್ಟಿಕೊಂಡರು.

“ಆನೆ ನಂಗೆ ಸಿಗಲ್ಲ. ಮೊಟ್ಟೆ ತರ್ತೀನಿ,” ಎಂದಳು ಬೇಡಕ್ಕ.

ಗೋದಾಮಿನ ಅಂಗಳದಲ್ಲಿ ಪರೀಕ್ಷೆ. ಹಮಾಲರು, ಪ್ಯಾಕಿಂಗ್ ಹೆಂಗಸರು, ಲಾರಿ ಡ್ರೈವರುಗಳೆಲ್ಲ ಸುತ್ತುಗಟ್ಟಿದರು. ಬೂಟಿನ ತುದಿಯೊಳಗೆ ಒಂದು ಮೊಟ್ಟೆ ಇಟ್ಟು, ಪೈಲ್ವಾನ್ ಬಣ್ಣದ ಡಬ್ಬವನ್ನು ಎದೆಯೆತ್ತರಕ್ಕೆ ಎತ್ತಿ ಕೈಬಿಟ್ಟ. ಢಮ್! ಬೇಡಕ್ಕ ಒಳಗೆ ಕೈಹಾಕಿದಳು. ಹೊರಬಂದ ಬೆರಳುಗಳಿಂದ ಹಳದಿ ಲೋಳೆ ಇಳಿಯುತ್ತಿತ್ತು. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಪೈಲ್ವಾನ್ ಪೆಚ್ಚುಮೋರೆ ಹಾಕಿಕೊಂಡು ತನ್ನ ಕಾಲನ್ನೇ ನೋಡಿಕೊಂಡ.

“ಮೊಟ್ಟೆ ತಾನೇ ಹೋಗಿದ್ದು, ಹೋಗ್ಲಿ ಬಿಡು,” ಎಂದು ಕೈ ಒರೆಸಿಕೊಂಡು ಅವಳು ಬೂಟನ್ನು ವಾಪಸು ಕಳಿಸಿದಳು. ತಗಡಿನವನಿಗೆ ಅವಮಾನವಾಗಿ, ಈ ಸಲ ಹಳೆಯ ಲಾರಿಯ ದಪ್ಪ ಉಕ್ಕನ್ನು ಕಾಯಿಸಿ ಬಡಿದ.

ಎರಡನೆಯ ಪರೀಕ್ಷೆಗೆ ಮ್ಯಾನೇಜರೂ ಬಂದು ಮುಂದೆ ನಿಂತರು. ಡಬ್ಬ ಬಿತ್ತು. ಬೇಡಕ್ಕ ಕೈಹಾಕಿ, ಬೇಕೆಂದೇ ಸ್ವಲ್ಪ ತಡಮಾಡಿ, ಬಿಳಿ ಮೊಟ್ಟೆಯನ್ನು ಇಡಿಯಾಗಿ ಮೇಲೆತ್ತಿದಳು. ಕೇಕೆ ಮುಗಿಲು ಮುಟ್ಟಿತು. “ಬೇಯ್ಸಿದ್ದಿರಬೇಕು!” ಎಂದ ಒಬ್ಬ ಡ್ರೈವರು. ಅವಳು ಅದನ್ನು ಅವನ ಮುಂದೆಯೇ ಒಂದು ಲೋಟಕ್ಕೆ ಒಡೆದು ಹಾಕಿದಳು. ಹಸಿ ಮೊಟ್ಟೆಯೇ.

ಪೈಲ್ವಾನ್ ಬೂಟು ಏರಿಸಿದ. ಎರಡು ಹೆಜ್ಜೆ ಇಟ್ಟ. ಬಗ್ಗಿ ನೋಡಿದ. ಆಮೇಲೆ ಆ ಪರ್ವತದಂಥ ಮನುಷ್ಯ ಕೈಗಳನ್ನು ಮೇಲೆತ್ತಿ, ಅಂಗಳದ ನಡುವೆ ಥಕಥಕ ಕುಣಿದುಬಿಟ್ಟ.

ಮಾರನೆಯ ದಿನ ಅವಳ ಮೇಜಿನ ಮುಂದೆ ಹಮಾಲರ ಸಾಲು. ಒಬ್ಬನಿಗೆ ಹಿಮ್ಮಡಿ ಉಜ್ಜುತ್ತದೆ, ಇನ್ನೊಬ್ಬನ ಕಿರುಬೆರಳು ವಕ್ರ, ಮತ್ತೊಬ್ಬನ ಎಡಗಾಲು ಬಲಗಾಲಿಗಿಂತ ದೊಡ್ಡದು. ನಾಚಿಕೆಯಿಂದ ಬಚ್ಚಿಟ್ಟುಕೊಂಡಿದ್ದ ಪಾದಗಳೆಲ್ಲ ಅಂದು ಬೆಳಕಿಗೆ ಬಂದವು. ಅವಳು ನೆಲದ ಮೇಲೆ ಕೂತು ಒಂದೊಂದನ್ನೂ ನೋಡಿದಳು. ಬೇಕಾದವರಿಗೆ ಬೂಟು ಬದಲಿಸಿ ಕೊಟ್ಟಳು.

ಕೆಲವು ತಿಂಗಳ ಮೇಲೆ, ಲಾರಿಯಿಂದ ಇಳಿಸುವಾಗ ಕಲ್ಲಿನ ಸಿಂಕೊಂದು ಕಟ್ಟು ಬಿಚ್ಚಿ ಜಾರಿ ನೇರ ಪೈಲ್ವಾನನ ಕಾಲ ಮೇಲೆ ಬಿತ್ತು. ಅವಳು ಎಲ್ಲಿದ್ದಳೋ ಅಲ್ಲಿಂದಲೇ ಓಡಿದಳು. ಪೈಲ್ವಾನ್ ಕಣ್ಣು ಮುಚ್ಚಿ, ಬೂಟಿನೊಳಗೆ ಬೆರಳುಗಳನ್ನು ಒಂದೊಂದಾಗಿ ಆಡಿಸಿದ.

“ಎಲ್ಲಾ ಇದಾವೆ ಅಕ್ಕ,” ಎಂದ. “ಸಿಂಕೇ ಒಡೆದೋಯ್ತು.”

ಅವಳು ಹತ್ತಿರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಗು ನಿಲ್ಲಲಿಲ್ಲ. ಸಿಂಕಿನ ಕಟ್ಟು ಯಾಕೆ ಬಿಚ್ಚಿತು ಎಂದು ವಿಚಾರಿಸಿ ಅಂದೇ ಹೊಸ ಪಟ್ಟಿ ಹಾಕಿಸಿದಳು.

ಆ ಭಾನುವಾರ ಪೈಲ್ವಾನ್ ಹೆಂಡತಿ, ಮಗಳ ಜೊತೆ ಹಣ್ಣಿನ ಬುಟ್ಟಿ ಹಿಡಿದು ಅವಳ ಮನೆಗೆ ಬಂದ. ಮೆಟ್ಟಿಲ ಮೇಲೆ ಥಕಥಕ ಸದ್ದು ಕೇಳಿ ಅಕ್ಕಪಕ್ಕದವರು ಬಾಗಿಲು ತೆರೆದು ಇಣುಕಿದರು. ಬೂಟಿನ ಮೂತಿಯ ಮೇಲೆ ದೊಡ್ಡದೊಂದು ತಗ್ಗು.

“ಮುದುಕನ ಹತ್ರ ಸರಿಮಾಡಿಸ್ಕೊಳ್ಳಿ ಅಂದ್ರೆ ಕೇಳಲ್ಲ ಅಕ್ಕ,” ಹೆಂಡತಿ ದೂರಿದಳು. “ಬೀದೀಲಿ ಹೋಗೋರಿಗೆಲ್ಲ ಕಾಲು ಚಾಚಿ ತೋರಿಸ್ತಾರೆ.”

“ಸರಿಮಾಡ್ಸೋದಲ್ಲ, ಹೊಸದೇ ಬೇಕು. ಒಮ್ಮೆ ಪೆಟ್ಟು ತಿಂದ ಕವಚವನ್ನ ಮತ್ತೆ ನಂಬೋಕಾಗಲ್ಲ,” ಎಂದಳು ಬೇಡಕ್ಕ. “ಅಳತೆ ಮುದುಕನ ಹತ್ರ ಇದ್ದೇ ಇದೆ. ನಾನು ಹೇಳ್ತೀನಿ.”

“ಹಾಗಾದ್ರೆ ಇದನ್ನ ಮನೇಲಿ ಶೋಕೇಸಲ್ಲಿ ಇಡ್ತೀನಿ,” ಎಂದು ಪೈಲ್ವಾನ್ ಕೂತಲ್ಲೇ ಹಿಗ್ಗಿದ. ಅವನ ಹೆಂಡತಿ ಹಣೆ ಚಚ್ಚಿಕೊಂಡಳು. ಅತ್ತೆ ಒಳಗಿನಿಂದ ಕೂಗಿದರು, ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು, ಅಕ್ಕಿ ಜಾಸ್ತಿ ಹಾಕಿಯಾಗಿದೆ ಎಂದು.