ಮಳೆ ಅಳೆಯುವವನೂ ಮೋಡ ನೋಡುವವನೂ

ಲಿಂಗಸುಗೂರಿನ ತಹಸೀಲು ಕಚೇರಿಯ ಹಿಂದೆ, ಬೇವಿನ ಮರಕ್ಕೆ ತುಸು ದೂರದಲ್ಲಿ, ತಾಮ್ರದ ಒಂದು ಮಳೆಮಾಪಕವನ್ನು ನೆಲದಲ್ಲಿ ಹೂತಿಟ್ಟಿದ್ದರು. ನಿಜಾಮ ಸರಕಾರದ ಗುಮಾಸ್ತ ನರಸಣ್ಣ ದಿನಾ ಬೆಳಿಗ್ಗೆ ಎಂಟಕ್ಕೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ನೋಡುತ್ತಿದ್ದ. ಮಳೆ ಬಂದಿದ್ದರೆ ಇಷ್ಟು ಇಂಚು, ಇಂಚಿನ ನೂರರ ಲೆಕ್ಕದಲ್ಲಿ ಇಷ್ಟು ಸೆಂಟು, ಬಾರದಿದ್ದರೆ ಸೊನ್ನೆ. ಆ ಸೀಮೆಯಲ್ಲಿ ಸೊನ್ನೆಗಳೇ ಹೆಚ್ಚು. ಆದರೂ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿದವನಲ್ಲ. ಒಮ್ಮೆ ಚಳಿಜ್ವರ ಬಂದಾಗ ಹೆಂಡತಿ ಪಾರ್ವತೆಮ್ಮನ ಹೆಗಲು ಹಿಡಿದು ಬಂದು ಸೊನ್ನೆ ಬರೆದು ಹೋಗಿದ್ದ. ಈ ತಾಲೂಕಿನ ಮಳೆಯ ಬಗ್ಗೆ ತನಗಿಂತ ಹೆಚ್ಚು ತಿಳಿದವರಿಲ್ಲ ಎಂಬುದು ಅವನ ನಂಬಿಕೆ. ಯಾರೂ ಕೇಳಿರಲಿಲ್ಲವಾದ್ದರಿಂದ ಯಾರಿಗೂ ಹೇಳಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತಾರರ ವೈಶಾಖದಲ್ಲಿ ಹೈದರಾಬಾದಿನಿಂದ ಪಶ್ಚಿಮಕ್ಕೆ ಹೊರಟಿದ್ದ ವಿಮಾನವೊಂದು ಬಿರುಗಾಳಿಗೆ ಸಿಕ್ಕಿ ಗುರುಗುಂಟಾದ ಗುಡ್ಡಕ್ಕೆ ಬಡಿಯಿತು. ಹನ್ನೊಂದು ಮಂದಿ ಸತ್ತರು. ಅಂದು ಮಧ್ಯಾಹ್ನವೇ ನರಸಣ್ಣ ಕಚೇರಿಯ ಪಡಸಾಲೆಯಲ್ಲಿ ನಿಂತು ಮೋಡ ಏಳುವುದನ್ನು ಕಂಡಿದ್ದ. ಆದರೆ ಅವನ ದಫ್ತರದಲ್ಲಿ ಬಿದ್ದ ಮಳೆ ಬರೆಯಲು ಮಾತ್ರ ಜಾಗವಿತ್ತು, ಬರಲಿರುವ ಮಳೆಗೆ ಇರಲಿಲ್ಲ. ಮರುದಿನ ಒಂದು ಇಂಚು ಎಂಬತ್ತು ಸೆಂಟು ಎಂದು ಬರೆದ.

ಅಪಘಾತದ ತಹಕೀಕಾತಿಗೆ ಹೈದರಾಬಾದಿನಿಂದ ಸಾಹೇಬರು ಬಂದರು. ನರಸಣ್ಣ ಹತ್ತೊಂಬತ್ತು ವರ್ಷದ ದಫ್ತರಗಳನ್ನು ಬಟ್ಟೆಯಲ್ಲಿ ಒರೆಸಿ ಒಂದರ ಮೇಲೊಂದು ಜೋಡಿಸಿಟ್ಟ. ಅವರು ಮೇಲಿನದೊಂದನ್ನು ತೆರೆದು ನೋಡಿ ಮುಚ್ಚಿದರು. ಆಮೇಲೆ ಗುರುಗುಂಟಾದ ಕುರುಬರ ಪಕೀರಪ್ಪನನ್ನು ಕರೆಸಿದರು. ಗುಡ್ಡದ ಮೇಲೆ ಕುರಿ ಮೇಯಿಸುತ್ತಿದ್ದ ಆತ ವಿಮಾನ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದ.

"ಮದಲ ಗಾಳಿ ಸತ್ತೋತ್ರೀ ಸಾಹೇಬ್ರ," ಎಂದ ಪಕೀರಪ್ಪ. "ಆಮ್ಯಾಲ ಮೂಡಲ ಗಾಳಿ ಪಡುವಲಕ್ಕ ತಿರುಗಿತ್ರೀ. ಮೋಡದ ಹೊಟ್ಟಿ ಕೆಂಪಗ ಆತು. ಅಂಥಾ ಮೋಡದಾಗ ಹದ್ದು ಸೈತ ಹೋಗಂಗಿಲ್ರೀ. ವಿಮಾನ ಹೋತು."

ಸಾಹೇಬರು ಅವನಿಗೆ ಕುರ್ಚಿ ಹಾಕಿಸಿದರು. ನಾಲ್ಕು ತಾಸು ಕೇಳಿದರು. ನರಸಣ್ಣ ಪಕ್ಕದಲ್ಲಿ ನಿಂತೇ ಆ ಮಾತನ್ನೆಲ್ಲ ಉರ್ದುವಿನಲ್ಲಿ ಬರೆದುಕೊಂಡ. ಕುರ್ಚಿಯಲ್ಲಿ ಕೂತ ಕುರುಬನ ಕಂಬಳಿಯ ವಾಸನೆ ಮೂಗಿಗೆ ಬಡಿದಾಗಲೆಲ್ಲ ಅವನು ಲೇಖನಿಯನ್ನು ಇನ್ನಷ್ಟು ಒತ್ತಿ ಬರೆಯುತ್ತಿದ್ದ. 'ಆ ಮೋಡ ನಾನೂ ನೋಡೀನಿ' ಎಂಬ ಮಾತು ಬಾಯಿಯ ತನಕ ಬಂತು. ಯಾರೂ ಅವನ ಕಡೆ ತಿರುಗಲಿಲ್ಲ.

ಮೂರು ತಿಂಗಳಿಗೆ ಹೊಸ ಕಾಯಿದೆಗಳು ಬಂದವು. ವಿಮಾನ ಹೊರಡುವ ಮುಂಚೆ ಅದರ ದಾರಿಯ ಊರುಗಳಿಂದ ಹವೆಯ ಸುದ್ದಿ ತಾರಿನಲ್ಲಿ ಬರಲೇಬೇಕು. ಹಾರುವಾಗ ಒಬ್ಬ ರೇಡಿಯೋಕ್ಕೆ ಕಿವಿಗೊಟ್ಟು ಕೂತಿರಬೇಕು, ತಿರುಗಿ ಬಾ ಅಂದರೆ ಬರುವಷ್ಟು ಎಣ್ಣೆಯೂ ಇರಬೇಕು. ಮೋಡ ನೋಡಲೆಂದು ಸಿಂಧನೂರಿಗೆ ಒಬ್ಬನನ್ನು ನೇಮಿಸಿದರು. ಲಿಂಗಸುಗೂರಿಗೆ ಪಕೀರಪ್ಪನನ್ನು ನೇಮಿಸಿದರು.

ಅವನಿಗೆ ಖಾಕಿ ಕೋಟು ಬಂತು, ಹಿತ್ತಾಳೆಯ ಬಿಲ್ಲೆ ಬಂತು, ಕೊರಳಿಗೆ ಹಾಕಿಕೊಳ್ಳಲು ದುರ್ಬೀನು ಬಂತು. ಊರ ಹೊರಗಿನ ಗುಡ್ಡದ ಮೇಲೆ ಒಂದು ತಗಡಿನ ಮನೆಯೂ ಎದ್ದಿತು. ವಿಮಾನ ಹಾರುವ ದಿನ ಪಕೀರಪ್ಪ ಹನ್ನೊಂದಕ್ಕೆ ಇಳಿದು ಬಂದು ಕಂಡದ್ದನ್ನು ಹೇಳಬೇಕು. ಓದುಬರಹ ಬಾರದ ಅವನ ಮಾತನ್ನು ನರಸಣ್ಣ ಚೀಟಿಯಲ್ಲಿ ಬರೆದು ತಾರ ಆಫೀಸಿಗೆ ಒಯ್ಯಬೇಕು.

ಸಂತೆಯ ದಿನ ಪಾಮನಕಲ್ಲೂರಿನಿಂದ ಬಂದವರು ಸಹ ಪಕೀರಪ್ಪನನ್ನು ತಡೆದು, ಸಜ್ಜೆ ಯಾವಾಗ ಬಿತ್ತಬೇಕೆಂದು ಕೇಳುತ್ತಿದ್ದರು. ಹೆಂಗಸರು ಹಪ್ಪಳ ಒಣಹಾಕುವ ಮುಂಚೆ ಅವನ ಮುಖ ನೋಡುತ್ತಿದ್ದರು. ನರಸಣ್ಣ ಆ ಬೀದಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗತೊಡಗಿದ. ಊಟಕ್ಕೆ ಕೂತರೂ ಅದೇ ಮಾತು.

"ಅಂವಗ ಅಳತಿ ಅಂದ್ರೇನು ಗೊತ್ತೈತಿ? ಇಂಚು ಗೊತ್ತೈತಿ?"

"ರೊಟ್ಟಿ ಆರಾಕತ್ತೈತ್ರೀ," ಎನ್ನುತ್ತಿದ್ದಳು ಪಾರ್ವತೆಮ್ಮ.

ಮುಂದಿನ ವರ್ಷದ ಬೇಸಿಗೆಯ ಒಂದು ದಿನ ಪಕೀರಪ್ಪ ಎಂದಿಗಿಂತ ಬೇಗ ಇಳಿದು ಬಂದ. ಕೋಟಿನ ಗುಂಡಿ ಸಹ ಹಾಕಿರಲಿಲ್ಲ.

"ಬರಕೋರಿ ನರಸಣ್ಣಾರ. ಮಸ್ಕಿ ಆಚಿಗೆ ಒಂದು ಬಿಳಿ ತಲಿ ಎದ್ದೈತಿ. ಹಿಂಜಿದ ಹತ್ತಿಯಂಗ ಐತಿ, ನೋಡನೋಡದ್ರಾಗ ಬೆಳ್ಯಾಕತ್ತೈತಿ. ಗಾಳಿನೂ ಸತ್ತೈತಿ. ಮೂರರೊಳಗ ಇಲ್ಲಿಗೆ ಬರ್ತೈತಿ."

ನರಸಣ್ಣ ಪಡಸಾಲೆಗೆ ಹೋಗಿ ನೋಡಿದ. ಮುಗಿಲು ತೊಳೆದ ಗಂಗಾಳದಂತೆ ಬೆಳ್ಳಗಿತ್ತು. ಒಳಗೆ ಬಂದು ಕೂತು, "ಆತು, ಬರದೆ, ನಡಿ ನೀ," ಎಂದ. ಚೀಟಿಯಲ್ಲಿ ಬರೆದದ್ದು 'ಮತ್ಲಾ ಸಾಫ್' ಎಂಬ ಎರಡೇ ಮಾತು, ಆಕಾಶ ಶುಭ್ರ ಎಂದು. ತನ್ನ ಕಣ್ಣಿಗೆ ಕಂಡದ್ದು ಅದೇ, ಇದರಲ್ಲಿ ಸುಳ್ಳೇನು ಎಂದು ತನಗೇ ಹೇಳಿಕೊಂಡ. ತಾರ ಆಫೀಸಿನ ಬಾಬುಸಾಬ್ ಚೀಟಿ ಓದಿ, ಕಟಕಟ ಎಂದು ಸುದ್ದಿ ಕಳಿಸಿದ.

ಊಟಕ್ಕೆ ಕೂತಾಗ ನರಸಣ್ಣನಿಗೆ ನಗು ತಡೆಯಲಾಗಲಿಲ್ಲ.

"ಇವತ್ತು ಕುರುಬನ ಮೋಡ ನಾ ಒರಸಿ ಒಗದೆ ನೋಡು," ಎಂದು ನಡೆದದ್ದನ್ನೆಲ್ಲ ಹೇಳಿದ.

ಪಾರ್ವತೆಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅವಳ ತವರು ಗುರುಗುಂಟಾ. ವಿಮಾನ ಬಿದ್ದ ದಿನ ಬಸುರಿ ತಂಗಿಯ ಕುಬಸದ ಶಾಸ್ತ್ರಕ್ಕೆಂದು ಅಲ್ಲೇ ಇದ್ದಳು.

"ಹನ್ನೊಂದು ಹೆಣಕ್ಕ ನಮ್ಮೂರ ಹೆಂಗಸ್ರು ಮನ್ಯಾಗಿನ ಕೌದಿ ತಂದು ಹೊದಿಸಿದ್ರು," ಎಂದಳು. "ನಾನೂ ಒಂದು ಹೊದಿಸೀನಿ. ಅದರ ತೆಳಗ ಇದ್ದಾಕಿ ಕೈಯಾಗ ಹಸರ ಬಳಿ ಇದ್ದುವು, ಒಂದೂ ಒಡದಿದ್ದಿಲ್ಲ. ಪಕೀರಪ್ಪನ ಮ್ಯಾಲ ಸಿಟ್ಟಿದ್ರ ಪಕೀರಪ್ಪನ್ನ ಬೈರಿ. ವಿಮಾನದಾಗ ಕುಂತವರು ನಿಮಗೇನು ಮಾಡ್ಯಾರ?"

ನರಸಣ್ಣ ಕೈ ತೊಳೆಯದೆ ಎದ್ದ. ಚಪ್ಪಲಿಯನ್ನೂ ಮೆಟ್ಟದೆ, ಸುಡುವ ಧೂಳಿನಲ್ಲಿ, ನಲವತ್ತೇಳು ವರ್ಷದ ಗುಮಾಸ್ತ ತಾರ ಆಫೀಸಿಗೆ ಓಡಿದ. ನಡುದಾರಿಯಲ್ಲಿ ದಕ್ಷಿಣಕ್ಕೆ ನೋಡಿದರೆ, ಮನೆಗಳ ಮಾಳಿಗೆಯ ಮೇಲೆ ಆ ಬಿಳಿ ತಲೆ ಈಗ ಅವನಿಗೂ ಕಾಣುತ್ತಿತ್ತು.

"ಹಿಂದಿನ ಸುದ್ದಿ ತಪ್ಪೈತ್ರೀ! ಬಿರುಗಾಳಿ ಬರ್ತೈತಿ ಅಂತ ಹೊಡೀರಿ, ಲಗೂನ!"

"ಈಗ ಒಂದು ಗಂಟಿ ಹೊಡೀತು ನರಸಣ್ಣ," ಎಂದ ಬಾಬುಸಾಬ್. "ವಿಮಾನ ಎದ್ದಿರಬೇಕು."

"ಎದ್ದಿದ್ರೂ ಹೊಡೀರಿ."

ಬಾಬುಸಾಬ್ ಹೊಡೆದ. ರಾಯಚೂರಿನ ಲೈನಿನಲ್ಲಿ ಬೇರೆ ತಾರು ಹೋಗುತ್ತಿತ್ತು. ಅದನ್ನು ನಿಲ್ಲಿಸಿ ಇದನ್ನು ದಾಟಿಸಲು ಹನ್ನೆರಡು ನಿಮಿಷ ಹಿಡಿಯಿತು. ಆಮೇಲೆ ಇಬ್ಬರೂ ತಾರಿನ ಯಂತ್ರದ ಮುಂದೆ ಕಾದು ಕೂತರು. ಎರಡು ಗಂಟೆಗೆ ಹೈದರಾಬಾದಿನಿಂದ ಜವಾಬು ಬಂತು: ರೇಡಿಯೋದಲ್ಲಿ ಕರೆ ಹೋಗಿ, ವಿಮಾನ ತಿರುಗಿ ಬಂದು ಇಳಿದಿದೆ, ಹದಿನಾಲ್ಕು ಮಂದಿಯೂ ಕ್ಷೇಮ. ಮೂರಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಗಾಳಿ ಲಿಂಗಸುಗೂರಿನ ಮೇಲೆ ಎರಗಿ, ಕಚೇರಿಯ ಬೇವಿನ ಕೊಂಬೆ ಮುರಿದು ಹಾಕಿತು.

ಒಂದೇ ದಿನ ಎರಡು ಬಗೆಯ ಸುದ್ದಿ ಹೇಗೆ ಬಂತೆಂದು ಮೇಲಿನಿಂದ ಕಾಗದ ಬಂದಾಗ ತಹಸೀಲ್ದಾರರು ಇಬ್ಬರನ್ನೂ ಕರೆದು ನಿಲ್ಲಿಸಿದರು. ಪಕೀರಪ್ಪ ಹೇಳಿದ್ದೇ ಹಾಗೆ ಎಂದು ನರಸಣ್ಣ ಅಂದಿದ್ದರೆ ಅಲ್ಲಗಳೆಯಲು ಪಕೀರಪ್ಪನ ಬಳಿ ಏನೂ ಇರಲಿಲ್ಲ. ಆ ಮಾತನ್ನು ನರಸಣ್ಣ ರಾತ್ರಿಯೆಲ್ಲ ಸಿದ್ಧಮಾಡಿಕೊಂಡು ಬಂದಿದ್ದ. ಪಕೀರಪ್ಪ ಮಾತ್ರ ಕೋಟಿನ ಬಿಲ್ಲೆ ಬಿಚ್ಚಿ ಅಂಗೈಯಲ್ಲಿ ಹಿಡಿದು, ಕೇಳುವ ಮುಂಚೆಯೇ ಒಪ್ಪಿಸಲು ಬಂದವನಂತೆ ನಿಂತಿದ್ದ.

"ತಪ್ಪು ಬರದಾಂವ ನಾನ್ರೀ," ಎಂದ ನರಸಣ್ಣ.

"ಸರಿಯಾಗಿ ಕೇಳಿಸಲಿಲ್ಲೇನು?" ಎಂದರು ತಹಸೀಲ್ದಾರರು.

"ಕೇಳಿಸಿತ್ರೀ."

ಅವನ ಬಡ್ತಿ ಐದು ವರ್ಷ ನಿಂತಿತು. ಎರಡನೆಯ ತಾರು ಕಳಿಸಿದ್ದಕ್ಕೆ ನೌಕರಿ ಉಳಿಯಿತು. ಅದರ ಜೊತೆಗೆ ಒಂದು ಹೊಸ ಹುಕುಂ ಎಲ್ಲ ಊರುಗಳಿಗೂ ಹೋಯಿತು: ಬರೆದ ಚೀಟಿಯನ್ನು ಮೋಡ ನೋಡುವವನಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಅವನು ಒಪ್ಪಿ ಹೆಬ್ಬೆಟ್ಟು ಒತ್ತಿದ ಮೇಲೆಯೇ ತಾರು ಹೊಡೆಯಬೇಕು. ಅದು ಯಾರ ದೆಸೆಯಿಂದ ಬಂತೆಂದು ಸಿಂಧನೂರಿನವರಿಗೆ ತಿಳಿದಿರಲಿಲ್ಲ.

ಕಚೇರಿಯಿಂದ ಹೊರಗೆ ಬಂದಾಗ ಪಕೀರಪ್ಪ ಕೊರಳಿಂದ ದುರ್ಬೀನು ತೆಗೆದು ಮುಂದೆ ಹಿಡಿದ.

"ನಿಮಗೂ ನೋಡಬೇಕು ಅನಿಸಿದ್ರ ಕೇಳಬಾರದೇನ್ರೀ? ನೋಡ್ರಿ."

ನರಸಣ್ಣ ಕಣ್ಣಿಗೆ ಹಚ್ಚಿ ಬಹಳ ಹೊತ್ತು ನೋಡಿದ. ಬಿಸಿಲು ಕುಣಿಯುತ್ತಿತ್ತು, ಮತ್ತೇನೂ ಕಾಣಲಿಲ್ಲ. ಪಕೀರಪ್ಪ ಬರಿಗಣ್ಣಿನಿಂದಲೇ, "ಅಗೋ, ಎಡಕ್ಕ, ಸಣ್ಣಗ ಒಂದು ಗೆರಿ," ಎಂದ. ದುರ್ಬೀನು ತಿರುಗಿ ಕೊಡುವಾಗ ನರಸಣ್ಣನ ಹೊಟ್ಟೆಕಿಚ್ಚು ಮೊದಲಿಗಿಂತ ಒಂದು ಕೈ ಹೆಚ್ಚೇ ಆಗಿತ್ತು. ಕೋಟು ಸರಕಾರದ್ದು, ಒಂದು ದಿನ ತನಗೂ ಬಂದೀತು. ಆ ಕಣ್ಣು ಬರುವುದಿಲ್ಲ.

ಅಂದಿನಿಂದ ವಿಮಾನದ ದಿನ ಹನ್ನೊಂದಕ್ಕೆ ಇಬ್ಬರೂ ಮೇಜಿನ ಎರಡು ಬದಿಗೆ ಕೂರುತ್ತಿದ್ದರು. ನರಸಣ್ಣ ಚೀಟಿಯ ಉರ್ದುವನ್ನು ಕನ್ನಡ ಮಾಡಿ ಓದುತ್ತಿದ್ದ.

"ಪಡುವಲಕ್ಕ ಕರಿ ಮೋಡ..."

"ಕರಿ ಅಂದಿಲ್ರೀ. ಕಂದು ಅಂದೀನಿ."

"ಎರಡೂ ಒಂದ ಅಲ್ಲೇನಲೇ?"

"ಅಲ್ರೀ. ಕರೇದು ಮಳಿ ತರ್ತೈತಿ, ಕಂದು ಗಾಳಿ ತರ್ತೈತಿ."

ನರಸಣ್ಣ ಹಲ್ಲು ಕಚ್ಚಿ, ಬರೆದದ್ದನ್ನು ಹೊಡೆದು ಹಾಕಿ, ಹೊಸ ಚೀಟಿ ತೆಗೆದುಕೊಂಡು ಮೊದಲಿನಿಂದ ಬರೆಯುತ್ತಿದ್ದ.